ಕಿವಿ ಕೇಳದಿದ್ದರೂ ಬೆಳ್ಳಿತೆರೆಯನ್ನಾಳಿದ ಬಾಲಣ್ಣ

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಉತ್ಸವ ರಾಕ್ ಗಾರ್ಡನ್‌ಗೆ ಭೇಟಿ ನೀಡಿದವರು ಡಾ. ರಾಜ್‌ಕುಮಾರ್ ವೃತ್ತದ ಬಳಿ ಕೆಲಹೊತ್ತು ನಿಲ್ಲದೆ ಮುಂದೆ ಸಾಗುವುದಿಲ್ಲ. ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಈ ತಾಣದಲ್ಲಿ ರಾಜ್ ಅಭಿನಯಿಸಿದ ಪಾತ್ರಗಳು ಶಿಲ್ಪಗಳಾಗಿ ನಿಂತಿವೆ. ಅವುಗಳನ್ನು ನೋಡುತ್ತಾ ನಿಂತಾಗ ಅಲ್ಲಿಲ್ಲದ ಇನ್ನೊಂದು ಮುಖ ನೆನಪಾಗುತ್ತದೆ. ರಾಜ್‌ಕುಮಾರ್ ಅವರ ಎದುರಿನಲ್ಲೋ ಪಕ್ಕದಲ್ಲೋ ನಿಂತು, ಒಮ್ಮೆ ಕುತಂತ್ರಿಯಾಗಿ, ಒಮ್ಮೆ ಹಾಸ್ಯಗಾರನಾಗಿ, ಮತ್ತೊಮ್ಮೆ ಹಿತೈಷಿಯಾಗಿ ಕಾಣಿಸಿಕೊಂಡ ಟಿ.ಎನ್. ಬಾಲಕೃಷ್ಣ ಅವರ ಮುಖವದು. ಚಿತ್ರರಂಗದವರಿಗೂ ಪ್ರೇಕ್ಷಕರಿಗೂ ಅವರು ಬಾಲಣ್ಣ.

500ಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದ ಈ ನಟನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಇದನ್ನು ತಿಳಿದ ಬಳಿಕ ಅವರ ಹಳೆಯ ಚಿತ್ರಗಳನ್ನು ಮತ್ತೊಮ್ಮೆ ನೋಡಿದರೆ ಅಚ್ಚರಿಯಾಗದೆ ಇರದು.

ಬಾಲಕೃಷ್ಣ ಅರಸೀಕೆರೆಯವರು. ಕಳೆದ ಶತಮಾನದ ಎರಡನೆಯ ದಶಕದಲ್ಲಿ ಕಡುಬಡತನದ ಮನೆಯೊಂದರಲ್ಲಿ ಹುಟ್ಟಿದರು. ಸಂಸಾರದ ಸಂಕಷ್ಟ ತಾಳಲಾರದೆ ಹೆತ್ತವರು ಮಗುವನ್ನು ಎಂಟು ರೂಪಾಯಿಗೆ ಬೇರೊಂದು ಮನೆಗೆ ಒಪ್ಪಿಸಿದರೆಂಬ ಸಂಗತಿ ಅವರ ಬದುಕಿನ ಬಗ್ಗೆ ಪ್ರಚಲಿತವಾಗಿದೆ. ಮಕ್ಕಳಿಲ್ಲದ ದಂಪತಿಯ ಆಸರೆಯಲ್ಲಿ ಬೆಳೆದ ಹುಡುಗನಿಗೆ ಬಾಲ್ಯದಿಂದಲೇ ಶ್ರವಣದೋಷ ಅಂಟಿಕೊಂಡಿತ್ತು. ಹೊಟ್ಟೆಪಾಡಿಗಾಗಿ ಬೋರ್ಡು ಬರೆಯುವಂತಹ ಸಣ್ಣಪುಟ್ಟ ಕೆಲಸಗಳನ್ನು ಮಾಡಿದರೂ ಮನಸ್ಸು ನೆಟ್ಟಿದ್ದು ನಾಟಕದ ಮೇಲೆ.

ವೃತ್ತಿ ನಾಟಕ ಕಂಪನಿಗಳು ವೈಭವದಿಂದ ಮೆರೆಯುತ್ತಿದ್ದ ಕಾಲವದು. ರಂಗಸಂಗೀತ, ಕಂದ ಪದ್ಯ, ಏರುದನಿಯ ಸಂಭಾಷಣೆಗಳೇ ಅಂದಿನ ನಾಟಕದ ಜೀವಾಳ. ಎದುರು ಪಾತ್ರಧಾರಿಯ ಮಾತಿನ ಕೊನೆಯ ಪದ ಕಿವಿಗೆ ಬಿದ್ದೊಡನೆ ತನ್ನ ಮಾತನ್ನು ಎತ್ತಿಕೊಳ್ಳಬೇಕು. ತಡವಾದರೆ ಸಭಿಕರು ಸುಮ್ಮನಿರುತ್ತಿರಲಿಲ್ಲ. ಇಂತಹ ರಂಗಭೂಮಿಯನ್ನು ಕಿವಿ ಕೇಳದ ತರುಣನೊಬ್ಬ ಆರಿಸಿಕೊಂಡದ್ದೇ ಒಂದು ಸಾಹಸ. ಬಾಲಕೃಷ್ಣ ಕಂಡುಕೊಂಡ ದಾರಿ ಸರಳವಾಗಿ ಕಂಡರೂ ಕಠಿಣವಾದದ್ದು. ಎದುರಿನವರ ತುಟಿಗಳ ಚಲನೆಯನ್ನು ಎವೆಯಿಕ್ಕದೆ ಗಮನಿಸಿ ಮಾತನ್ನು ಗ್ರಹಿಸುವುದನ್ನು ಅವರು ಅಭ್ಯಾಸ ಮಾಡಿದರು.

1943ರಲ್ಲಿ ತೆರೆಕಂಡ ‘ರಾಧಾರಮಣ’ ಚಿತ್ರದ ಮೂಲಕ ಅವರು ಬೆಳ್ಳಿತೆರೆಗೆ ಬಂದರು. ಮುಂದೆ ನಿರ್ದೇಶಕರಾಗಿ ಹೆಸರಾದ ಜಿ.ವಿ. ಅಯ್ಯರ್ ಅವರಿಗೂ ಅದೇ ಮೊದಲ ಚಿತ್ರ. ಆಗ ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಅವೂ ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲೇ ಸಿದ್ಧವಾಗುತ್ತಿದ್ದವು. ಕನ್ನಡದ ಕಲಾವಿದರು ಅಲ್ಲಿಗೆ ಹೋಗಿ ಕೆಲಸಕ್ಕಾಗಿ ಕಾಯಬೇಕಿತ್ತು. 1950ರ ದಶಕದ ಕೊನೆಯಲ್ಲಿ ಚಿತ್ರ ತಯಾರಿಕೆ ಕುಂಠಿತಗೊಂಡು ಕಲಾವಿದರು ಕಂಗೆಟ್ಟಾಗ ರಾಜ್‌ಕುಮಾರ್, ನರಸಿಂಹರಾಜು, ಅಯ್ಯರ್ ಮತ್ತು ಬಾಲಕೃಷ್ಣ ಒಂದುಗೂಡಿ ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ಚಿತ್ರನಟರೆಂಬ ಬಿಗುಮಾನ ಬದಿಗಿಟ್ಟು ಊರೂರು ಸುತ್ತಿ ನಾಟಕವಾಡಿದರು. ಆ ಸಂಘದ ಆಶ್ರಯದಲ್ಲಿಯೇ 1960ರಲ್ಲಿ ಎನ್.ಸಿ. ರಾಜನ್ ನಿರ್ದೇಶನದ ‘ರಣಧೀರ ಕಂಠೀರವ’ ಹೊರಬಂದಿತು. ಕನ್ನಡ ಚಿತ್ರರಂಗ ತನ್ನ ಕಾಲಮೇಲೆ ನಿಂತ ಬಗೆಯನ್ನು ಬರೆಯುವಾಗ ಈ ನಾಲ್ವರಲ್ಲಿ ಬಾಲಣ್ಣನ ಪಾಲನ್ನು ಕಡಿಮೆ ಮಾಡಿ ಹೇಳುವುದು ವಾಡಿಕೆಯಾಗಿದೆ. ಅದು ಸರಿಯಲ್ಲ.

ಅವರ ಅಭಿನಯದ ಸೊಗಸು ಎಲ್ಲಿದೆ ಎಂದು ಹುಡುಕಹೊರಟರೆ ಕಣ್ಣುಗಳಲ್ಲಿ ಎನ್ನಬೇಕಾಗುತ್ತದೆ. ಸಾಧಾರಣ ನಟರು ತಮ್ಮ ಸರದಿ ಬರುವವರೆಗೆ ಸುಮ್ಮನೆ ನಿಂತಿರುತ್ತಾರೆ. ಬಾಲಕೃಷ್ಣ ಅವರಿಗೆ ಆ ವಿರಾಮದ ಅನುಕೂಲ ಇರಲಿಲ್ಲ. ಎದುರಿನವರ ಬಾಯಿಯಿಂದ ದೃಷ್ಟಿ ಕದಲಿದರೆ ಮಾತೇ ತಪ್ಪಿಹೋಗುತ್ತಿತ್ತು. ಹೀಗಾಗಿ ಅವರು ತೆರೆಯ ಮೇಲೆ ಇರುವಷ್ಟು ಹೊತ್ತೂ ಎಚ್ಚರವಾಗಿರುತ್ತಾರೆ. ಜಿಪುಣ ಸಾಹುಕಾರನ ಪಾತ್ರದಲ್ಲಿ ಈ ನೋಟವೇ ದುರಾಸೆಯಾಗಿ ತೋರುತ್ತದೆ. ಮನೆಮುರುಕನ ಪಾತ್ರದಲ್ಲಿ ಹೊಂಚಾಗುತ್ತದೆ. ಹಾಸ್ಯದ ಸನ್ನಿವೇಶದಲ್ಲಿ, ಅರ್ಥವಾದುದಕ್ಕೂ ಉತ್ತರಿಸುವುದಕ್ಕೂ ನಡುವಿನ ಆ ಒಂದು ಕ್ಷಣದ ತಡೆ ನಗೆಯನ್ನು ಚಿಮ್ಮಿಸುತ್ತದೆ. ಸಹಜ ನ್ಯೂನತೆಯೊಂದು ನಟನ ಶೈಲಿಯೇ ಆಗಿಬಿಟ್ಟ ಇಂತಹ ನಿದರ್ಶನ ಭಾರತೀಯ ಚಿತ್ರರಂಗದಲ್ಲಿಯೇ ವಿರಳ.

ಕಿವಿ ಕೇಳದ, ಮಾತು ಬಾರದವರ ಬದುಕನ್ನು ವಸ್ತುವಾಗಿಸಿಕೊಂಡ ಎನ್. ಲಕ್ಷ್ಮೀನಾರಾಯಣ್ ಅವರ ‘ನಾಂದಿ’ 1964ರಲ್ಲಿ ಬಂದಾಗ ವಿಮರ್ಶಕರು ಅದನ್ನು ಹೊಸ ಹೆಜ್ಜೆಯೆಂದು ಮೆಚ್ಚಿದರು. ಆ ಹೊತ್ತಿಗಾಗಲೇ ಶ್ರವಣದೋಷವುಳ್ಳ ನಟರೊಬ್ಬರು ಎರಡು ದಶಕಗಳಿಂದ ಕನ್ನಡ ತೆರೆಯ ಮೇಲಿದ್ದರು. ಪ್ರೇಕ್ಷಕರಲ್ಲಿ ಬಹುಮಂದಿಗೆ ಅದು ಗೊತ್ತೇ ಆಗಿರಲಿಲ್ಲ.

1972ರಲ್ಲಿ ಬಿಡುಗಡೆಯಾದ ಸಿದ್ದಲಿಂಗಯ್ಯ ನಿರ್ದೇಶನದ ‘ಬಂಗಾರದ ಮನುಷ್ಯ’ದಲ್ಲಿ ಅವರು ರಾಚೂಟಪ್ಪನಾದರು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ನಡೆದ ಆ ಚಿತ್ರವನ್ನು ನೋಡಿದವರು ರಾಜೀವನಷ್ಟೇ ರಾಚೂಟಪ್ಪನನ್ನೂ ನೆನೆಯುತ್ತಾರೆ. ಅದುವರೆಗೆ ಬಾಲಕೃಷ್ಣ ಎಂದೊಡನೆ ಕುಹಕದ ನಗೆಯನ್ನು ನಿರೀಕ್ಷಿಸುತ್ತಿದ್ದ ಪ್ರೇಕ್ಷಕರು ಇಲ್ಲಿ ಹಳ್ಳಿಯ ಹಿರಿಯನ ಅಂತಃಕರಣವನ್ನು ಕಂಡರು. ಈ ಲೇಖಕನ ಮಟ್ಟಿಗೆ ಅವರ ಪಾತ್ರಗಳಲ್ಲಿ ಇದೇ ಶ್ರೇಷ್ಠವಾದುದು.

ನಟನಾಗಿ ಗಳಿಸಿದ್ದನ್ನು ಬಾಲಣ್ಣ ತಮಗಾಗಿ ಉಳಿಸಿಕೊಳ್ಳಲಿಲ್ಲ. ಕನ್ನಡ ಚಿತ್ರಗಳು ಕನ್ನಡ ನೆಲದಲ್ಲಿಯೇ ತಯಾರಾಗಬೇಕೆಂಬ ಹಂಬಲ ಅವರನ್ನು ಬಹಳ ಹಿಂದೆಯೇ ಹಿಡಿದಿತ್ತು. 1960ರ ದಶಕದಲ್ಲಿ ಅವರು ಕೆಂಗೇರಿ ಸಮೀಪದ ಮೈಲಸಂದ್ರದಲ್ಲಿ ಅಭಿಮಾನ್ ಸ್ಟುಡಿಯೋ ಸ್ಥಾಪನೆಗೆ ಮುಂದಾದರು. ಸರ್ಕಾರ 20 ಎಕರೆ ಜಮೀನು ನೀಡಿತು. ಉಳಿದದ್ದೆಲ್ಲ ಅವರ ಹೆಗಲ ಮೇಲೆ ಬಿತ್ತು. ಒಂದು ಚಿತ್ರದ ಸಂಭಾವನೆ ಗೋಡೆಯಾದರೆ ಇನ್ನೊಂದರದು ಬಡ್ಡಿಗೆ ಹೋಗುತ್ತಿತ್ತು ಎನ್ನುವಂತಹ ಸ್ಥಿತಿ. ಧ್ವನಿಯನ್ನು ಸರಿಯಾಗಿ ಕೇಳಲಾಗದವರು ಮಾತಿನ ಚಿತ್ರಗಳಿಗಾಗಿ ಸ್ಟುಡಿಯೋ ಕಟ್ಟಹೊರಟಿದ್ದರು. ಮದ್ರಾಸಿನ ಸ್ಟುಡಿಯೋಗಳ ಹಿಂದೆ ಭಾರಿ ಬಂಡವಾಳವಿತ್ತು. ಇಲ್ಲಿ ಇದ್ದದ್ದು ಒಬ್ಬ ಪೋಷಕ ನಟನ ಕಾಲ್‌ಶೀಟ್‌ಗಳು ಮಾತ್ರ. ಚಿತ್ರೀಕರಣ ಕ್ರಮೇಣ ಸ್ಟುಡಿಯೋ ಬಿಟ್ಟು ಹೊರಾಂಗಣಕ್ಕೂ ಬಾಡಿಗೆ ಮನೆಗಳಿಗೂ ಸರಿದದ್ದು ಇನ್ನೊಂದು ಪೆಟ್ಟು. ಇಳಿವಯಸ್ಸಿನಲ್ಲಿಯೂ ಅವರು ಬಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ.

1995ರ ಜುಲೈ 19ರಂದು ಬಾಲಕೃಷ್ಣ ನಿಧನರಾದರು. ಅವರು ಕಂಡ ಕನಸಿನ ಪ್ರಮಾಣಕ್ಕೆ ಅಭಿಮಾನ್ ಸ್ಟುಡಿಯೋ ಬೆಳೆದಿರಲಿಲ್ಲ. 2009ರ ಡಿಸೆಂಬರ್ 30ರಂದು ತೀರಿಕೊಂಡ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಅಲ್ಲಿ ನಡೆದ ಮೇಲೆ ಆ ಸ್ಥಳದ ಹೆಸರು ನಾಡಿನ ಮನೆಮನೆಗೂ ತಲುಪಿತು. ಸ್ಮಾರಕದ ವಿವಾದ ವರ್ಷಗಟ್ಟಲೆ ಎಳೆಯಿತು. 2025ರ ಆಗಸ್ಟ್‌ನಲ್ಲಿ ಸಮಾಧಿಯನ್ನು ನೆಲಸಮಗೊಳಿಸಿದಾಗ ಅಭಿಮಾನಿಗಳು ಬೀದಿಗಿಳಿದರು. ಅದೇ ವರ್ಷ ಜಮೀನನ್ನು ಹಿಂಪಡೆಯುವ ಕ್ರಮಕ್ಕೂ ಸರ್ಕಾರಿ ಮಟ್ಟದಲ್ಲಿ ಚಾಲನೆ ದೊರೆಯಿತು. ದಿನಗಟ್ಟಲೆ ನಡೆದ ಆ ಚರ್ಚೆಯಲ್ಲಿ ಎಕರೆ, ಷರತ್ತು, ನ್ಯಾಯಾಲಯಗಳ ಮಾತು ಬಂದಷ್ಟು ಬಾಲಣ್ಣನ ಮಾತು ಬರಲಿಲ್ಲ.