ರಾಜರ್ಷಿ ಶಾಹು ಮಹಾರಾಜರು ಮತ್ತು ವಿದ್ಯಾರ್ಥಿನಿಲಯಗಳ ಕೊಲ್ಹಾಪುರ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಶ್ರೀಮಠಕ್ಕೆ ಬರುವ ಪೋಷಕರ ಮಾತಿನಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಒಂದೇ ಸರ್ಕಾರಿ ಶಾಲೆ, ಒಂದೇ ಪಠ್ಯಪುಸ್ತಕ, ಪಾಠ ಹೇಳುವ ಗುರುಗಳೂ ಒಬ್ಬರೇ. ಹಾಗಿದ್ದೂ ಕೆಲವು ಮನೆತನಗಳ, ಕೆಲವು ಸಮುದಾಯಗಳ ಮಕ್ಕಳು ಮುಂದೆ ಸಾಗುತ್ತಾರೆ. ಉಳಿದವರು ಹಿಂದೆಯೇ ಉಳಿಯುತ್ತಾರೆ. ಇದೇಕೆ? ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡು, ಅದಕ್ಕೆ ಕಟ್ಟಡ, ಹಣ ಮತ್ತು ಕಾನೂನಿನ ಮೂಲಕ ಉತ್ತರ ಕೊಡಲು ಶ್ರಮಿಸಿದ ಅರಸರೊಬ್ಬರಿದ್ದರು. ಅವರೇ ಕೊಲ್ಹಾಪುರದ ಛತ್ರಪತಿ ರಾಜರ್ಷಿ ಶಾಹು ಮಹಾರಾಜರು. ಜೂನ್ 26 ಅವರ ಜಯಂತಿ. ನಮ್ಮ ಸಮಾಜವು ಅವರ ಋಣದಲ್ಲಿ ಪಾಲುಳ್ಳದ್ದಾಗಿರುವುದರಿಂದ ಅವರ ಜೀವನವನ್ನು ಸದ್ಭಕ್ತರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಮಹಾರಾಜರು ಜನಿಸಿದ್ದು 1874ರಲ್ಲಿ, ಕಾಗಲದ ಘಾಟಗೆ ಮನೆತನದಲ್ಲಿ. ನಿಪ್ಪಾಣಿಯನ್ನು ದಾಟಿ ಕೊಲ್ಹಾಪುರದ ಕಡೆಗೆ ಹೋಗುವವರಿಗೆ ಕಾಗಲ ಪರಿಚಿತವಾದ ಊರು. ಹುಟ್ಟಿನ ಹೆಸರು ಯಶವಂತರಾವ್. ತಾಯಿ ರಾಧಾಬಾಯಿಯವರು ಮುಧೋಳ ಸಂಸ್ಥಾನದ ಅರಸು ಮನೆತನದ ಮಗಳು. ಹೀಗೆ ಕನ್ನಡ ನೆಲವು ಮಹಾರಾಜರಿಗೆ ತಾಯಿಯ ತವರು. ಆ ತಾಯಿಯನ್ನು ಅವರು ಮೂರನೆಯ ವಯಸ್ಸಿನಲ್ಲಿಯೇ ಕಳೆದುಕೊಂಡರು. 1884ರಲ್ಲಿ ಕೊಲ್ಹಾಪುರದ ರಾಣಿ ಆನಂದಿಬಾಯಿಯವರು ಈ ಬಾಲಕನನ್ನು ದತ್ತು ಪಡೆದು ಶಾಹು ಎಂದು ಹೆಸರಿಟ್ಟರು.

ವಿದ್ಯಾಭ್ಯಾಸ ಮೊದಲು ರಾಜಕೋಟೆಯಲ್ಲಿ, ಬಳಿಕ 1890ರಿಂದ 1894ರವರೆಗೆ ಧಾರವಾಡದಲ್ಲಿ ನಡೆಯಿತು. ಧಾರವಾಡದಲ್ಲಿ ಅವರಿಗೆ ಗುರುಗಳಾಗಿದ್ದವರು ಸ್ಟುವರ್ಟ್ ಫ್ರೇಜರ್. ಇದೇ ಫ್ರೇಜರ್ ಮುಂದೆ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಪಾಠ ಹೇಳಿದರು. ಹಿಂದುಳಿದವರ ಶಿಕ್ಷಣಕ್ಕಾಗಿ ಹೆಸರಾದ ಇಬ್ಬರು ದೊರೆಗಳು ಒಬ್ಬರೇ ಗುರುವಿನ ಶಿಷ್ಯರಾಗಿದ್ದರೆಂಬುದು ಗಮನಿಸತಕ್ಕ ಸಂಗತಿ.

1894ರ ಏಪ್ರಿಲ್ 2ರಂದು ಶಾಹು ಮಹಾರಾಜರು ಅಧಿಕಾರ ಸ್ವೀಕರಿಸಿದರು. ಆಗ ಸಂಸ್ಥಾನದ ಸಾಮಾನ್ಯ ಆಡಳಿತದ 71 ಹುದ್ದೆಗಳ ಪೈಕಿ 60ರಲ್ಲಿ ಒಂದೇ ವರ್ಣದವರಿದ್ದರು. ರೈತರು, ಕುಶಲಕರ್ಮಿಗಳು, ಜೈನರು, ಮುಸಲ್ಮಾನರು, ಲಿಂಗಾಯತರು, ಅಸ್ಪೃಶ್ಯರೆನಿಸಿಕೊಂಡವರು ಕಂದಾಯ ಕಟ್ಟುವ ಪ್ರಜೆಗಳಾಗಿದ್ದರೇ ಹೊರತು ಕಚೇರಿಯಲ್ಲಿ ಕುಳಿತವರಲ್ಲಿ ಕಾಣಸಿಗುತ್ತಿರಲಿಲ್ಲ. ಶಾಲೆಯಲ್ಲಿ ತೇರ್ಗಡೆಯಾದವರು ಅವರಲ್ಲಿ ಇಲ್ಲ, ಹಾಗಾಗಿ ಹುದ್ದೆಯೂ ಇಲ್ಲ ಎಂಬುದು ಅಂದಿನ ಸಿದ್ಧ ಉತ್ತರವಾಗಿತ್ತು. ಆ ಉತ್ತರದ ಹಿಂದಿದ್ದ ಪ್ರಶ್ನೆಯನ್ನು ಮಹಾರಾಜರು ಕೈಗೆತ್ತಿಕೊಂಡರು.

ಕೊಲ್ಹಾಪುರದಲ್ಲಿ ಹೈಸ್ಕೂಲು ಇತ್ತು, ರಾಜಾರಾಮ ಕಾಲೇಜೂ ಇತ್ತು. ಆದರೆ ಹಳ್ಳಿಯ ಒಕ್ಕಲು ಮನೆಯ ಹುಡುಗ ಪೇಟೆಗೆ ಬಂದರೆ ತಂಗುವುದೆಲ್ಲಿ, ಉಣ್ಣುವುದೆಲ್ಲಿ? ಬ್ರಾಹ್ಮಣ ವಟುವಿಗೆ ಬಡತನವಿದ್ದರೂ ವಾರಾನ್ನದ ಆಸರೆಯಿತ್ತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು, ಅಲ್ಲಿಯೇ ಓದು ಬಲ್ಲವರ ಮಾತು ಕೇಳುತ್ತಾ ಅವನು ಬೆಳೆಯುತ್ತಿದ್ದನು. ಇದು ಆ ಸಮಾಜದ ಹಿರಿಮೆಯೇ ಸರಿ, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಬೇರೆ ಜಾತಿಯ ಹುಡುಗನಿಗೆ ಪೇಟೆಯಲ್ಲಿ ಅಂಥ ಮನೆಗಳೂ ಇರಲಿಲ್ಲ, ಬಾಡಿಗೆಯ ಕೋಣೆ ಹಿಡಿಯುವ ಶಕ್ತಿಯೂ ಇರಲಿಲ್ಲ. ಅಸ್ಪೃಶ್ಯನೆನಿಸಿಕೊಂಡ ಬಾಲಕನ ಪಾಡನ್ನಂತೂ ಹೇಳಲೇಬೇಕಾಗಿಲ್ಲ. ತರಗತಿಯಲ್ಲಿ ಕಾಣಿಸುವ ಅಂತರವು ತರಗತಿಯ ಹೊರಗೆ ಹುಟ್ಟುತ್ತಿತ್ತು.

1896ರಲ್ಲಿ ಮಹಾರಾಜರು ಎಲ್ಲ ಜಾತಿಯ ವಿದ್ಯಾರ್ಥಿಗಳಿಗಾಗಿ ಒಂದು ಸಾರ್ವಜನಿಕ ವಿದ್ಯಾರ್ಥಿನಿಲಯವನ್ನು ತೆರೆದರು. ಆಶಯ ಉದಾತ್ತವಾದದ್ದು, ಫಲ ವಿಪರೀತವಾಯಿತು. ಅದರ ಆಡಳಿತ ಮೇಲ್ಜಾತಿಯವರ ಕೈಯಲ್ಲಿದ್ದುದರಿಂದ ಕೆಲವೇ ವರ್ಷಗಳಲ್ಲಿ ಅದು ಅವರ ಮಕ್ಕಳ ನಿಲಯವಾಗಿಯೇ ಉಳಿಯಿತು. ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಬರೆದು ಹಾಕಿದ ಮಾತ್ರಕ್ಕೆ ಎಲ್ಲರೂ ಒಳಗೆ ಬರುವುದಿಲ್ಲ ಎಂಬುದನ್ನು ಮಹಾರಾಜರು ಇಲ್ಲಿ ಕಂಡುಕೊಂಡರೆಂದು ತೋರುತ್ತದೆ.

ಆ ಬಳಿಕ ಅವರು ಮಾರ್ಗವನ್ನು ಬದಲಿಸಿದರು. ಒಂದೊಂದು ಸಮುದಾಯಕ್ಕೂ ಪ್ರತ್ಯೇಕ ನಿಲಯ, ಅದರ ಹೊಣೆ ಆ ಸಮುದಾಯದ ಹಿರಿಯರಿಗೆ. ನಿವೇಶನ, ಅನುದಾನ, ಪ್ರೋತ್ಸಾಹ ಸಂಸ್ಥಾನದಿಂದ. 1901ರಲ್ಲಿ ಮರಾಠಾ ಮತ್ತು ಜೈನ ನಿಲಯಗಳು, 1906ರಲ್ಲಿ ಮುಸ್ಲಿಂ ನಿಲಯ, 1907ರಲ್ಲಿ ವೀರಶೈವ ಲಿಂಗಾಯತ ವಿದ್ಯಾರ್ಥಿನಿಲಯ, 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ನಿಲಯ ಆರಂಭವಾದವು. ಮುಂದೆ ಇವುಗಳ ಸಂಖ್ಯೆ ಇಪ್ಪತ್ತರಷ್ಟಾಗಿ, ಕೊಲ್ಹಾಪುರವು ವಿದ್ಯಾರ್ಥಿನಿಲಯಗಳ ತಾಯಿ ಎಂಬ ಹೆಸರನ್ನು ಪಡೆಯಿತು.

ನಮ್ಮ ಮಠಗಳ ಪರಂಪರೆಯಲ್ಲಿ ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹದ ಮಾತಿದೆ. ಆ ಸಾಲಿನಲ್ಲಿ ಅನ್ನವು ಅಕ್ಷರಕ್ಕಿಂತ ಮೊದಲು ಬರುವುದು ಆಕಸ್ಮಿಕವೆಂದು ನಮಗನಿಸುವುದಿಲ್ಲ. 1904ರಲ್ಲಿ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯು ರೂಪುಗೊಂಡಿತ್ತು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಜನ್ಮತಾಳಿತು. ಈ ಎರಡರ ನಡುವಿನ ಕಾಲದಲ್ಲಿಯೇ ನೆರೆಯ ಅರಸರೊಬ್ಬರು ನಮ್ಮ ಮಕ್ಕಳಿಗೂ ಒಂದು ಸೂರು ಕಲ್ಪಿಸಿದ್ದರು. ರಾಯಬಾಗದಂತಹ ಕನ್ನಡದ ಸೀಮೆಯೂ ಅಂದು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

ಓದಿ ಬಂದ ಹುಡುಗನಿಗೆ ಮುಂದೇನು ಎಂಬುದಕ್ಕೂ ಮಹಾರಾಜರು ವ್ಯವಸ್ಥೆ ಮಾಡಿದ್ದರು. 1902ರ ಜುಲೈ 26ರಂದು, ತಾವು ಇಂಗ್ಲೆಂಡಿನ ಪ್ರವಾಸದಲ್ಲಿದ್ದಾಗಲೇ, ತೆರವಾಗುವ ಹುದ್ದೆಗಳಲ್ಲಿ ಶೇಕಡಾ 50ರಷ್ಟನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಡುವ ಆಜ್ಞೆಯನ್ನು ಹೊರಡಿಸಿದರು. ಬ್ರಾಹ್ಮಣ, ಪ್ರಭು, ಶೇಣವಿ, ಪಾರ್ಸಿ ಮುಂತಾದ ಮುಂದುವರಿದವರನ್ನು ಬಿಟ್ಟು ಉಳಿದವರೆಲ್ಲ ಹಿಂದುಳಿದವರೆಂದು ಅದರಲ್ಲಿ ಪರಿಗಣಿತರಾದರು. ಲಿಂಗಾಯತರೂ ಆ ಉಳಿದವರಲ್ಲಿದ್ದರು. ಇಂದು ನಮ್ಮಲ್ಲಿ ಕೆಲವರು ಬೇರೆಯವರ ಮಕ್ಕಳಿಗೆ ದೊರೆಯುವ ಸೌಲಭ್ಯಗಳ ಬಗ್ಗೆ ಹಗುರವಾಗಿ ಮಾತನಾಡುವುದನ್ನು ಕೇಳಿದಾಗ ಈ ಆಜ್ಞೆ ನೆನಪಿಗೆ ಬರುತ್ತದೆ.

ನಿಲಯಗಳು ಪೇಟೆಗೆ ಬರಬಲ್ಲ ಹುಡುಗರಿಗೆ ಆಸರೆಯಾದವು. ಹಳ್ಳಿಯಲ್ಲಿ ಶಾಲೆಯ ಮುಖವನ್ನೇ ಕಾಣದ ಮಕ್ಕಳ ಗತಿಯೇನು? ಗೋಪಾಲಕೃಷ್ಣ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕಾಗಿ ತಂದ ಮಸೂದೆಯು ಬ್ರಿಟಿಷ್ ಭಾರತದಲ್ಲಿ ಬಿದ್ದುಹೋಗಿತ್ತು. ಬರೋಡೆಯ ಸಯಾಜಿರಾವ್ ಮಹಾರಾಜರು ಮಾತ್ರ ತಮ್ಮ ರಾಜ್ಯದಲ್ಲಿ ಅದನ್ನು ಜಾರಿಗೆ ತಂದಿದ್ದರು. ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯವೆಂದು ಸಾರಿದರು. ಮಗುವನ್ನು ಶಾಲೆಗೆ ಕಳುಹಿಸದ ಪಾಲಕರಿಗೆ ತಿಂಗಳಿಗೆ ಒಂದು ರೂಪಾಯಿ ದಂಡ. ಕೂಲಿಯವನಿಗೆ ಆ ಕಾಲದಲ್ಲಿ ಒಂದು ರೂಪಾಯಿ ಸಣ್ಣ ಮೊತ್ತವಲ್ಲ. ನಿಯಮ ಕಠಿಣವೆಂದೇ ಹೇಳಬೇಕು. ಆದರೂ ಮಹಾರಾಜರ ಆಳ್ವಿಕೆಯ ಕೊನೆಯ ವೇಳೆಗೆ ಈ ಶಾಲೆಗಳ ಸಂಖ್ಯೆ 420ಕ್ಕೂ ಅವುಗಳಲ್ಲಿ ಕಲಿಯುವ ಮಕ್ಕಳ ಸಂಖ್ಯೆ ಸುಮಾರು 22,000ಕ್ಕೂ ಏರಿತ್ತು.

1918ರಲ್ಲಿ ಅವರ ಕಿರಿಯ ಮಗ ಶಿವಾಜಿ ಬೇಟೆಯಾಡುವಾಗ ಅವಘಡಕ್ಕೀಡಾಗಿ ತೀರಿಕೊಂಡರು. ಸೊಸೆ ಇಂದುಮತಿಯವರು ಆಗ ಇನ್ನೂ ಬಾಲಕಿ. ಅರಮನೆಯ ವಿರೋಧವಿದ್ದರೂ ಮಹಾರಾಜರು ಆಕೆಯನ್ನು ಮೂಲೆಗೆ ಕೂರಿಸಲು ಒಪ್ಪದೆ, ಸೋನತಳಿಯ ಬಂಗಲೆಯಲ್ಲಿ ಆಕೆಯ ವಿದ್ಯಾಭ್ಯಾಸಕ್ಕೆ ಏರ್ಪಾಡು ಮಾಡಿದರು. ಪುತ್ರಶೋಕದ ನಡುವೆಯೂ ಆ ಮಗುವಿನ ಓದು ನಿಲ್ಲಬಾರದೆಂದು ಅವರು ಹಿಡಿದ ಹಟವು ಕಾನೂನುಗಳಿಗಿಂತ ಹೆಚ್ಚಾಗಿ ಅವರ ಅಂತಃಕರಣವನ್ನು ತೋರುತ್ತದೆ.

ಮರುವರ್ಷ, 1919ರಲ್ಲಿ, ಇನ್ನೊಂದು ದಿಟ್ಟ ಆಜ್ಞೆ ಹೊರಬಿತ್ತು. ಸಂಸ್ಥಾನದಲ್ಲಿ ಅಸ್ಪೃಶ್ಯ ಮಕ್ಕಳಿಗಾಗಿ ನಡೆಯುತ್ತಿದ್ದ ಪ್ರತ್ಯೇಕ ಶಾಲೆಗಳನ್ನು ಮುಚ್ಚಿ, ಆ ಮಕ್ಕಳನ್ನು ಎಲ್ಲರ ಜೊತೆಗೆ ಸರ್ಕಾರಿ ಶಾಲೆಗಳಲ್ಲಿಯೇ ಸೇರಿಸಿಕೊಳ್ಳತಕ್ಕದ್ದೆಂದು ವಿಧಿಸಲಾಯಿತು. ವಸತಿಗೆ ಪ್ರತ್ಯೇಕತೆಯನ್ನು ಒಪ್ಪಿದ ಅರಸರು ಪಾಠಕ್ಕೆ ಅದನ್ನು ಒಪ್ಪಲಿಲ್ಲ. ಇದು ವಿರೋಧಾಭಾಸವೆಂದು ಕೆಲವರಿಗೆ ತೋರಬಹುದು. ನಮಗಾದರೋ ಅದರ ತರ್ಕ ಸ್ಪಷ್ಟವಾಗಿದೆ: ತರಗತಿಯಲ್ಲಿ ಸಮನಾಗಿ ಕೂರಬೇಕಾದವನಿಗೆ ಮೊದಲು ಹೊಟ್ಟೆತುಂಬ ಅನ್ನ, ಓದಲು ದೀಪ, ತನ್ನವರೆಂಬ ಧೈರ್ಯ ಬೇಕಾಗಿದ್ದವು. 1920ರ ಮಾರ್ಚಿಯಲ್ಲಿ ಕಾಗಲ ಸೀಮೆಯ ಮಾಣಗಾವಿಯಲ್ಲಿ ನಡೆದ ಪರಿಷತ್ತಿನಲ್ಲಿ ಮಹಾರಾಜರು ತರುಣ ಅಂಬೇಡ್ಕರರ ಜೊತೆ ವೇದಿಕೆಯನ್ನು ಹಂಚಿಕೊಂಡು, ಅವರೇ ಇನ್ನು ಮುಂದೆ ನೊಂದವರ ನಾಯಕರೆಂದು ಸಾರಿದರು. 1922ರ ಮೇ 6ರಂದು ಮುಂಬಯಿಯಲ್ಲಿ ಅವರು ದೇಹಬಿಟ್ಟಾಗ ವಯಸ್ಸು ಇನ್ನೂ ನಲವತ್ತೇಳು.

ಜಾತಿಗೊಂದು ನಿಲಯ ಎಂಬ ಪದ್ಧತಿಯ ಮಿತಿಯನ್ನು ಮರೆಮಾಚುವಂತಿಲ್ಲ. ಮಿಸ್ ಕ್ಲಾರ್ಕ್ ನಿಲಯದ ಪ್ರಾರಂಭೋತ್ಸವಕ್ಕೆ ಹೋಗಿಬಂದ ಜೈನ ನಿಲಯದ ವಿದ್ಯಾರ್ಥಿಯೊಬ್ಬನಿಗೆ, ಮೈಲಿಗೆ ಕಳೆಯಲು ಸ್ನಾನ ಮಾಡಿಯೇ ಊಟಕ್ಕೆ ಬರಬೇಕೆಂಬ ಅಪ್ಪಣೆಯಾಯಿತು. ಅವನು ಒಪ್ಪಲಿಲ್ಲ, ನಿಲಯವನ್ನು ಬಿಡಬೇಕಾಯಿತು. ಆ ಹುಡುಗನೇ ಭಾವುರಾವ್ ಪಾಟೀಲ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದವರು ಅವರೇ. 1924ರಲ್ಲಿ ಸಾತಾರೆಯಲ್ಲಿ ಅವರು ತೆರೆದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಯ ಮಕ್ಕಳೂ ಒಟ್ಟಿಗೆ ಅಡುಗೆ ಮಾಡಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಅದು ಪಡೆದ ಹೆಸರು ಛತ್ರಪತಿ ಶಾಹು ವಿದ್ಯಾರ್ಥಿನಿಲಯ.