ಅಣುಗಳನ್ನು ನಂಬಿದ ಗುರು: ಲುಡ್ವಿಗ್ ಬೋಲ್ಟ್ಸ್‌ಮನ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ವಿಜ್ಞಾನಿಯೊಬ್ಬರ ಜೀವನವನ್ನು ಪರಿಚಯಿಸಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ಆರಿಸಿಕೊಂಡ ಹೆಸರು ಲುಡ್ವಿಗ್ ಬೋಲ್ಟ್ಸ್‌ಮನ್. ಕಪ್ಪುಕುಳಿಗಳನ್ನು ಕುರಿತ ಇಂದಿನ ಗಹನ ವಿಚಾರಗಳ ಬೇರು ಆಸ್ಟ್ರಿಯಾದ ಈ ಅಧ್ಯಾಪಕರ ಚಿಂತನೆಯಲ್ಲಿದೆ.

1844ರ ಫೆಬ್ರವರಿ 20ರಂದು ವಿಯೆನ್ನಾದಲ್ಲಿ ಅವರ ಜನನ. ತಂದೆ ತೆರಿಗೆ ಇಲಾಖೆಯ ಅಧಿಕಾರಿ. ಮಗನಿಗೆ 15 ವರ್ಷವಾಗಿದ್ದಾಗ ಅವರು ತೀರಿಕೊಂಡರು. 1866ರಲ್ಲಿ ಡಾಕ್ಟರೇಟ್ ಪಡೆದ ಬೋಲ್ಟ್ಸ್‌ಮನ್, 25ನೆಯ ವಯಸ್ಸಿನಲ್ಲಿಯೇ ಗ್ರಾಜ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಅಲ್ಲಿ ಹೆನ್ರಿಯೆಟ್ ಎಂಬ ತರುಣಿಗೆ, ಹೆಣ್ಣೆಂಬ ಕಾರಣದಿಂದ ಪಾಠ ಕೇಳಲು ಅನುಮತಿ ನಿರಾಕರಿಸಲಾಯಿತು. ಮೇಲ್ಮನವಿ ಸಲ್ಲಿಸುವಂತೆ ಧೈರ್ಯ ಹೇಳಿದವರು ಬೋಲ್ಟ್ಸ್‌ಮನ್. 1876ರಲ್ಲಿ ಅವರಿಬ್ಬರ ವಿವಾಹ ನಡೆಯಿತು.

ಕಾಯಿಸಿದ ಹಾಲು ಆರುತ್ತದೆ. ಆರಿದ ಹಾಲು ತಾನಾಗಿ ಕಾಯುವುದಿಲ್ಲ. ಈ ಏಕಮುಖ ನಡೆಯನ್ನು ಅಳೆಯುವ ಪರಿಮಾಣಕ್ಕೆ ಕ್ಲಾಸಿಯಸ್ 1865ರಲ್ಲಿ ಎಂಟ್ರೊಪಿ ಎಂದು ಹೆಸರಿಟ್ಟಿದ್ದರು. ಅದರ ಅರ್ಥವನ್ನು 1877ರಲ್ಲಿ ಬಿಡಿಸಿದವರು ಬೋಲ್ಟ್ಸ್‌ಮನ್. ತರಗತಿಯಲ್ಲಿ ನಾನು ಇದನ್ನು ನಾಲ್ಕು ನಾಣ್ಯಗಳಿಂದ ವಿವರಿಸುತ್ತಿದ್ದೆ. ನಾಲ್ಕನ್ನೂ ಚಿಮ್ಮಿದರೆ 16 ವಿಧಗಳಲ್ಲಿ ಬೀಳಬಹುದು. ಎಲ್ಲವೂ ತಲೆಯಾಗಲು ಒಂದೇ ವಿಧ. ಎರಡು ತಲೆ, ಎರಡು ಬಾಲವಾಗಲು ಆರು ವಿಧ. ನಾಣ್ಯಗಳ ಸ್ಥಾನದಲ್ಲಿ ಕೋಟ್ಯನುಕೋಟಿ ಅಣುಗಳಿದ್ದರೆ, ಹೆಚ್ಚು ವಿಧಗಳುಳ್ಳ ಬೆರಕೆಯ ಸ್ಥಿತಿಯೇ ಒದಗುವುದು ಬಹುತೇಕ ನಿಶ್ಚಿತ. ಆ ವಿಧಗಳ ಸಂಖ್ಯೆಯ ಲಾಗರಿದಮ್ಮೇ ಎಂಟ್ರೊಪಿಯ ಅಳತೆ.

ಈ ಎಣಿಕೆಗೆ ಅಣುಗಳು ನಿಜವಾಗಿ ಇರಬೇಕು. ಅದನ್ನೇ ಅಂದಿನ ಹಲವು ಪಂಡಿತರು ಒಪ್ಪಲಿಲ್ಲ. ಅರ್ನ್ಸ್ಟ್ ಮಾಖ್, ವಿಲ್‌ಹೆಲ್ಮ್ ಓಸ್ಟ್‌ವಾಲ್ಡ್ ಅವರಂಥ ಘನವಿದ್ವಾಂಸರೇ ಎದುರು ನಿಂತರು. 1895ರಲ್ಲಿ ಲ್ಯೂಬೆಕ್ ನಗರದ ಸಮ್ಮೇಳನದಲ್ಲಿ ಬೋಲ್ಟ್ಸ್‌ಮನ್ ಓಸ್ಟ್‌ವಾಲ್ಡ್‌ರೊಡನೆ ನೇರ ವಾದ ಹೂಡಿದರು. ಆದರೂ ಇಬ್ಬರ ನಡುವೆ ವೈರವಿರಲಿಲ್ಲ. 1900ರಲ್ಲಿ ಲೈಪ್‌ಜಿಗ್‌ನಲ್ಲಿ ಸಹೋದ್ಯೋಗಿಗಳಾಗಿಯೂ ಇದ್ದರು. 1902ರಲ್ಲಿ ವಿಯೆನ್ನಾಕ್ಕೆ ಮರಳಿದ ಮೇಲೆ ಅವರ ಪಾಠ ಕೇಳಿದವರಲ್ಲಿ ಮುಂದೆ ಹೆಸರಾದ ಲೀಸ್ ಮೈಟ್ನರ್ ಒಬ್ಬರು.

ಆದರೆ ಅವರ ಮನಸ್ಸು ಬಹುಕಾಲದಿಂದ ಅಸ್ವಸ್ಥವಾಗಿತ್ತು. 1889ರಲ್ಲಿ ಹಿರಿಯ ಮಗ ತೀರಿಕೊಂಡಿದ್ದ; ದೃಷ್ಟಿಯೂ ಕುಂದಿತ್ತು. 1906ರ ಸೆಪ್ಟೆಂಬರ್ 5ರಂದು, ಟ್ರಿಯೆಸ್ಟ್ ಸಮೀಪದ ಡುಯಿನೊದಲ್ಲಿ ಕುಟುಂಬದೊಡನೆ ರಜೆಯಲ್ಲಿದ್ದಾಗ, ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ವಿರೋಧಿಗಳೇ ಅವರನ್ನು ಕೊಂದರೆಂದು ಹೇಳುವವರುಂಟು. ನನಗೆ ಅದು ನ್ಯಾಯವೆನಿಸುವುದಿಲ್ಲ. ಮನಸ್ಸಿನ ವ್ಯಾಧಿಯೂ ವ್ಯಾಧಿಯೇ. ಅದಕ್ಕೆ ಆರೈಕೆ ಬೇಕು, ಅಪವಾದವಲ್ಲ.

ಅಣುಗಳ ಚಲನೆಯನ್ನು ಕುರಿತ ಐನ್‌ಸ್ಟೈನ್‌ರ ಲೇಖನ 1905ರಲ್ಲಿಯೇ ಪ್ರಕಟವಾಗಿತ್ತು. 1908ರಲ್ಲಿ ಫ್ರಾನ್ಸಿನ ಜೀನ್ ಪೆರಿನ್‌ರ ಪ್ರಯೋಗಗಳು ಅದನ್ನು ಸಮರ್ಥಿಸಿದವು. ಓಸ್ಟ್‌ವಾಲ್ಡ್‌ರೂ ಅಣುಗಳನ್ನು ಒಪ್ಪಿಕೊಂಡರು. ವಿಯೆನ್ನಾದ ರುದ್ರಭೂಮಿಯಲ್ಲಿ ಬೋಲ್ಟ್ಸ್‌ಮನ್‌ರ ಸಮಾಧಿಯ ಮೇಲೆ ಅವರ ಸೂತ್ರವನ್ನು ಕೆತ್ತಲಾಗಿದೆ: ಎಸ್ ಸಮ ಕೆ ಲಾಗ್ ಡಬ್ಲ್ಯು. ಅದನ್ನು ಈ ರೂಪದಲ್ಲಿ ಬರೆದವರು ಮ್ಯಾಕ್ಸ್ ಪ್ಲಾಂಕ್.

ಸೂತ್ರದ ಪಯಣ ಅಲ್ಲಿಗೆ ನಿಲ್ಲಲಿಲ್ಲ. ಕಪ್ಪುಕುಳಿಗೂ ಎಂಟ್ರೊಪಿ ಇದೆಯೆಂದು 1972ರಲ್ಲಿ ಬೆಕೆನ್‌ಸ್ಟೈನ್ ಸೂಚಿಸಿದರು. 1974ರಲ್ಲಿ ಹಾಕಿಂಗ್‌ರ ಲೆಕ್ಕ ಅದನ್ನು ದೃಢಪಡಿಸಿತು. ಆಶ್ಚರ್ಯವೆಂದರೆ, ಆ ಎಂಟ್ರೊಪಿ ಕುಳಿಯ ಗಾತ್ರವನ್ನಲ್ಲ, ಅದರ ಮೇಲ್ಮೈಯ ವಿಸ್ತೀರ್ಣವನ್ನು ಅನುಸರಿಸುತ್ತದೆ. ಕಣಜದ ಕಾಳಿನ ಲೆಕ್ಕವೆಲ್ಲ ಅದರ ಗೋಡೆಯ ಅಳತೆಯಲ್ಲಿಯೇ ಅಡಗಿದಂತೆ! ಇದರಿಂದ 1993ರಲ್ಲಿ ಟ್ ಹೂಫ್ಟ್, ಬಳಿಕ ಸಸ್‌ಕಿಂಡ್ ಹೊಲೊಗ್ರಾಫಿಕ್ ತತ್ತ್ವವನ್ನು ರೂಪಿಸಿದರು. 1996ರಲ್ಲಿ ಸ್ಟ್ರೋಮಿಂಜರ್ ಮತ್ತು ವಾಫಾ, ಕೆಲವು ವಿಶಿಷ್ಟ ಕಪ್ಪುಕುಳಿಗಳಿಗೆ ಬೋಲ್ಟ್ಸ್‌ಮನ್‌ರ ರೀತಿಯಲ್ಲಿಯೇ ವಿಧಗಳನ್ನೆಣಿಸಿ ಅದೇ ಉತ್ತರ ಪಡೆದರು.

ಕಪ್ಪುಕುಳಿಯೆಂಬ ಹೆಸರನ್ನೇ ಕೇಳದಿದ್ದ ಅಧ್ಯಾಪಕರೊಬ್ಬರ ಎಣಿಕೆ ಅಷ್ಟು ದೂರ ಸಾಗಿತು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳಿಗೆ ಈ ಜೀವನವನ್ನು ಕನ್ನಡದಲ್ಲಿಯೇ ಹೇಳಿಕೊಡಲಿ ಎಂಬುದು ನನ್ನ ಹಾರೈಕೆ. ನಾಲ್ಕು ನಾಣ್ಯಗಳಿದ್ದರೆ ಪಾಠ ಆರಂಭಿಸಬಹುದು.