ಡಾಕ್ಟರ ರಾಬರ್ಟ ಬಾರಾನಿಯ ಚರಿತ್ರವು

ಕಿವಿಯು ಕೇಳುವದಕ್ಕಾಗಿಯೇ ಇರುವದೆಂದು ಬಹು ಜನರು ತಿಳಿದಿರುವರು. ಆದರೆ ನಾವು ನೆಟ್ಟಗೆ ನಿಲ್ಲುವದಕ್ಕೂ ಬೀಳದೆ ನಡೆಯುವದಕ್ಕೂ ಬೇಕಾದ ಇಂದ್ರಿಯವೊಂದು ಅದೇ ಕಿವಿಯ ಒಳಭಾಗದಲ್ಲಿ ಅಡಗಿರುವದು. ದ್ರವದಿಂದ ತುಂಬಿದ ಮೂರು ಅರ್ಧವರ್ತುಲಾಕಾರದ ನಾಳಗಳು ಅದರ ಮುಖ್ಯ ಭಾಗಗಳಾಗಿವೆ. ಗಳಗನಾಥದ ಸಂಗಮದಲ್ಲಿ ಹರಿಗೋಲು ಗರಗರನೆ ತಿರುಗಿ ನಿಂತರೆ, ಕುಳಿತವರಿಗೆ ದಡವೇ ತಿರುಗಿದಂತೆ ತೋರುವದಷ್ಟೆ. ತಲೆಯು ನಿಂತರೂ ಒಳಗಿನ ದ್ರವವು ಕ್ಷಣಕಾಲ ಚಲಿಸುತ್ತಿರುವದೇ ಅದಕ್ಕೆ ಕಾರಣವು. ಈ ಇಂದ್ರಿಯವನ್ನು ಶಸ್ತ್ರವಿಲ್ಲದೆ ಪರೀಕ್ಷಿಸುವ ಬಗೆಯನ್ನು ವೈದ್ಯರಿಗೆ ಕಲಿಸಿದವನೇ ರಾಬರ್ಟ ಬಾರಾನಿಯು.

ಈತನು 1876ನೆಯ ಇಸವಿ ಎಪ್ರಿಲ್ 22ರಂದು ವಿಯೆನ್ನಾ ಪಟ್ಟಣದಲ್ಲಿ ಜನಿಸಿದನು. ಆರು ಮಕ್ಕಳಲ್ಲಿ ಈತನೇ ಹಿರಿಯನು. ಬಾಲ್ಯದಲ್ಲಿ ಎಲುಬಿನ ಕ್ಷಯರೋಗ ತಗಲಿ, ಒಂದು ಮೊಣಕಾಲು ಜನ್ಮವಿಡೀ ಬಾಗದಂತಾಯಿತು. ಆ ಬೇನೆಯೇ ಆತನ ಮನಸ್ಸನ್ನು ವೈದ್ಯವಿದ್ಯೆಯ ಕಡೆಗೆ ತಿರುಗಿಸಿತು. 1900ರಲ್ಲಿ ಡಾಕ್ಟರನಾಗಿ, 1903ರಲ್ಲಿ ಪ್ರಸಿದ್ಧ ಕರ್ಣವೈದ್ಯನಾದ ಪೊಲಿಟ್ಸರನ ಚಿಕಿತ್ಸಾಲಯವನ್ನು ಸೇರಿದನು.

ಅಲ್ಲಿ ರೋಗಿಗಳ ಕಿವಿಗಳನ್ನು ನೀರಿನಿಂದ ತೊಳೆಯುವಾಗ ಹಲವರಿಗೆ ತಲೆಸುತ್ತು ಬರುತ್ತಿತ್ತು. ಕಣ್ಣುಗುಡ್ಡೆಗಳು ಒಂದೇ ಸಮನೆ ಅದಿರುತ್ತಿದ್ದವು. ಒಬ್ಬ ರೋಗಿಯು, ನೀರು ತಣ್ಣಗಿರುವದರಿಂದಲೇ ತನಗೆ ಹೀಗಾಗುವದೆಂದು ದೂರಿದನು. ಬಾರಾನಿಯು ಆ ಮಾತನ್ನು ಅಲಕ್ಷಿಸಲಿಲ್ಲ. ಮುಂದೆ ಹೆಚ್ಚು ಬಿಸಿಯಾದ ನೀರು ಬಿದ್ದಾಗಲೂ ತಲೆಸುತ್ತು ಬಂದಿತು. ಆದರೆ ಕಣ್ಣುಗಳು ವಿರುದ್ಧ ದಿಕ್ಕಿಗೆ ಜಿಗಿದವು! ಶರೀರದಷ್ಟೇ ಬೆಚ್ಚಗಿನ ನೀರಿನಿಂದ ಏನೂ ಆಗಲಿಲ್ಲ. ಬಚ್ಚಲ ಹಂಡೆಯಲ್ಲಿ ಕಾದ ನೀರು ಮೇಲೇರಿ ತಣ್ಣೀರು ಕೆಳಗಿಳಿಯುವಂತೆ, ಕಿವಿಯೊಳಗಿನ ದ್ರವವೂ ಚಲಿಸುವದೆಂದು ಆತನು ಊಹಿಸಿದನು. ತಲೆಯ ಇರವನ್ನು ಬದಲಿಸಿದರೆ ಕಣ್ಣಿನ ಚಲನವೂ ಬದಲಾಗುವದನ್ನು ಕಂಡನು. ತಿರುಗುವ ಕುರ್ಚಿಯಲ್ಲಿ ಕೂಡ್ರಿಸಿ, ಇಪ್ಪತ್ತು ಸೆಕೆಂಡುಗಳಲ್ಲಿ ಹತ್ತು ಸುತ್ತು ಸುತ್ತಿಸಿ ನಿಲ್ಲಿಸುವ ಪರೀಕ್ಷೆಯೂ ಆತನ ಹೆಸರಿನಿಂದ ಪ್ರಸಿದ್ಧವಾಗಿದೆ. ಕುರ್ಚಿಯು ಎರಡೂ ಕಿವಿಗಳನ್ನು ಒಮ್ಮೆಗೇ ಕೆರಳಿಸುವದು. ನೀರಾದರೋ ಒಂದೊಂದನ್ನೇ ಬೇರ್ಪಡಿಸಿ ತೋರಿಸುವದು. ಕಿವಿಯ ಕೀವು ಒಳಕ್ಕಿಳಿದು ಮೆದುಳನ್ನು ಮುಟ್ಟಿ ಪ್ರಾಣವನ್ನೊಯ್ಯುತ್ತಿದ್ದ ಆ ಕಾಲದಲ್ಲಿ, ಒಳಗಿವಿಯು ಕೆಟ್ಟಿದೆಯೋ ಇಲ್ಲವೋ ಎಂದರಿಯುವದು ಜೀವನ್ಮರಣಗಳ ಪ್ರಶ್ನೆಯಾಗಿತ್ತು.

ಮಹಾಯುದ್ಧದಲ್ಲಿ ಈತನು ಸೈನಿಕರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿರಲು, 1915ರಲ್ಲಿ ರಶಿಯನ್ನರ ಸೆರೆಯಾದನು. 1914ರ ನೊಬೆಲ್ ಪಾರಿತೋಷಕವು ದೊರೆತ ಸುದ್ದಿಯು ಸೆರೆಯಲ್ಲಿಯೇ ಮುಟ್ಟಿತು. ಸ್ವೀಡನ್ನಿನ ರಾಜಕುಮಾರ ಕಾರ್ಲನ ಪ್ರಯತ್ನದಿಂದ 1916ರಲ್ಲಿ ಬಿಡುಗಡೆಯಾಯಿತು. ಆದರೆ ವಿಯೆನ್ನಾದ ಸಹೋದ್ಯೋಗಿಗಳು, ಪರರ ಶ್ರಮವನ್ನು ಆತನು ತಕ್ಕಂತೆ ಸ್ಮರಿಸಲಿಲ್ಲವೆಂದು ಆರೋಪಿಸಿದರು. ಮನನೊಂದು ಸ್ವೀಡನ್ನಿನ ಉಪ್ಸಾಲಕ್ಕೆ ಹೋಗಿ, ಅಲ್ಲಿಯೇ ಅಧ್ಯಾಪಕನಾಗಿ ದುಡಿದು, 1936ರ ಎಪ್ರಿಲ್ 8ರಂದು ತೀರಿಕೊಂಡನು.

1942ರಲ್ಲಿ ಫಿಟ್ಜೆರಾಲ್ಡ ಮತ್ತು ಹಾಲ್‌ಪೈಕರು ನೀರಿನ ಉಷ್ಣಮಾನವನ್ನು 30 ಮತ್ತು 44 ಅಂಶಗಳೆಂದು, ಅಂದರೆ ಶರೀರದ ಶಾಖಕ್ಕಿಂತ ಏಳು ಅಂಶ ಕೆಳಗೂ ಮೇಲೂ, ಗೊತ್ತುಪಡಿಸಿದರು. ಅಳತೆಯು ಒಂದೇ ಆಗಿರದಿದ್ದರೆ ಎರಡು ಕಿವಿಗಳನ್ನು ಹೋಲಿಸುವದು ಹೇಗೆ? 1983ರಲ್ಲಿ ಭಾರವಿಲ್ಲದ ಅಂತರಿಕ್ಷದಲ್ಲಿಯೂ ಈ ಕಣ್ಣಿನ ಚಲನವು ಕಂಡುದರಿಂದ, ಬಾರಾನಿಯ ಊಹೆಯೊಂದೇ ಪೂರ್ಣ ಕಾರಣವಲ್ಲವೆಂದು ತಿಳಿಯಿತು. ಆತನ ಪರೀಕ್ಷೆಯಾದರೋ ಇಂದಿಗೂ ನಡೆದಿದೆ.

ಪಾಲಕರೇ, ಮಗುವು ತಲೆ ತಿರುಗುವದೆಂದರೆ ಶಾಲೆ ತಪ್ಪಿಸುವ ನೆವವೆಂದು ಗದರಿಸದೆ, ಕಿವಿಯನ್ನು ವೈದ್ಯರಿಗೆ ತೋರಿಸಿರಿ. ಒಬ್ಬ ರೋಗಿಯ ಸಣ್ಣ ದೂರನ್ನು ಕಿವಿಗೊಟ್ಟು ಕೇಳಿದುದರಿಂದಲೇ ಇಷ್ಟು ದೊಡ್ಡ ಉಪಕಾರವಾಯಿತೆಂಬುದನ್ನು ನಮ್ಮ ವಿದ್ಯಾರ್ಥಿನಿಯರೂ ಮರೆಯದಿರಲಿ.